ಸರ್ಕಲ್ಲಿನಲ್ಲಿ ಮೊದಲ ದಾರಿ ಅಕ್ಕನಿಗೆ

ನನಗೆ ನನ್ನ ಅಕ್ಕನ ಮೇಲೆ ಹೊಟ್ಟೆಕಿಚ್ಚು. ‘ಇತ್ತು’ ಎಂದು ಬರೆದರೆ ಓದುವವರಿಗೆ ಹಿತವಾಗಿರುತ್ತದೆ. ವಯಸ್ಸಾದ ಮೇಲೆ ಎಲ್ಲ ತಣ್ಣಗಾಯಿತು ಎಂದು ಮುಗಿಸಲೂಬಹುದು. ಹಾಗೇನೂ ಆಗಿಲ್ಲ. ಈಗಲೂ ಯಾರದೋ ಕಾರಿನಲ್ಲಿ ಹೋಗುತ್ತಿರುವಾಗ ದಾರಿಯಲ್ಲಿ ಸರ್ಕಲ್ ಬಂದು, ಗಾಡಿ ಅದನ್ನು ಸುತ್ತತೊಡಗಿದರೆ ನಾನು ಹಲ್ಲು ಕಚ್ಚಿಕೊಂಡು ಕಿಟಕಿಯ ಆಚೆ ನೋಡುತ್ತೇನೆ. ಪಕ್ಕದಲ್ಲಿರುವವರು ತಲೆಸುತ್ತು ಬಂತೇ ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ.

ನಾವಿಬ್ಬರೇ ಹೆಣ್ಣುಮಕ್ಕಳು. ಅಪ್ಪಾಜಿಗೆ ಶಿವಮೊಗ್ಗದಲ್ಲಿ ಅಡಿಕೆ ಮಂಡಿ. ನಾನು ಹೈಸ್ಕೂಲಿನಲ್ಲಿದ್ದಾಗಲೇ ಅವ್ವ ತೀರಿಕೊಂಡಿದ್ದಳು. ಅಕ್ಕನನ್ನು ಭದ್ರಾವತಿಯ ಕಾರ್ಖಾನೆಯ ಇಂಜಿನಿಯರಿಗೆ ಕೊಟ್ಟರು, ನನ್ನನ್ನು ಊರಿನಲ್ಲೇ, ಹೊಸಮನೆಯ ಕಾಲೇಜು ಮೇಷ್ಟರಿಗೆ. ಹತ್ತಿರದಲ್ಲಿರುವ ಮಗಳ ಪಾಡು ಏನೆಂದು ಹತ್ತಿರದಲ್ಲಿರುವ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಅಪ್ಪಾಜಿಗೆ ಕೆಮ್ಮು ಬಂದರೆ ಕಷಾಯ ನಾನು, ಅಡುಗೆಯವಳು ಕೈಕೊಟ್ಟರೆ ರೊಟ್ಟಿ ನಾನು, ಕಣ್ಣಿಗೆ ಪೊರೆ ಬಂದ ಮೇಲೆ ಬೆಳಗಿನ ಪೇಪರು ಓದಿ ಹೇಳುವುದೂ ನಾನು. ಅಕ್ಕ ಹಬ್ಬಕ್ಕೆ ಬರುವಳು, ಒಂದು ಸೀರೆ ಉಟ್ಟುಕೊಂಡು, ಇನ್ನೊಂದನ್ನು ತೆಗೆದುಕೊಂಡು ಹೋಗುವಳು. ಅವಳು ಬಂದ ದಿನ ಅಪ್ಪಾಜಿ ಮಂಡಿಯಿಂದ ಬೇಗ ಬರುತ್ತಿದ್ದರು.

ಇದೆಲ್ಲ ಹೇಗೋ ನಡೆದುಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ಭಾವನವರನ್ನು ಟ್ರೇನಿಂಗಿಗೆಂದು ಜರ್ಮನಿಗೆ ಕಳಿಸಿದರು. ಅಕ್ಕನೂ ಜೊತೆಗೆ ಹೋದಳು. ಅಲ್ಲಿ ಹಳೆಯ ಪುಟ್ಟ ಕಾರೊಂದನ್ನು ಕೊಂಡು, ಅದನ್ನು ಓಡಿಸುವುದನ್ನೂ ಕಲಿತು, ಪರೀಕ್ಷೆ ಕೊಟ್ಟು, ಫೋಟೋ ಅಂಟಿಸಿದ ಲೈಸೆನ್ಸ್ ತೆಗೆದುಕೊಂಡಳು. ಆ ಕಾಲದ ಶಿವಮೊಗ್ಗದಲ್ಲಿ ಕಾರು ಇದ್ದ ಮನೆಗಳೇ ಕಡಿಮೆ. ಅದರಲ್ಲಿ ಹೆಂಗಸೊಬ್ಬಳು ಸ್ಟೇರಿಂಗ್ ಹಿಡಿಯುತ್ತಾಳೆ ಎಂದರೆ, ನೋಡದವರೂ ನೋಡಿದಂತೆ ಮಾತಾಡುತ್ತಿದ್ದರು. ಮಂಡಿಗೆ ಅಡಿಕೆ ತಂದವರೆಲ್ಲ ತೂಕಕ್ಕೆ ಮೊದಲು ಅಕ್ಕನ ಸುದ್ದಿ ಕೇಳಿಸಿಕೊಳ್ಳಬೇಕಾಗಿತ್ತು.

ಅವರು ವಾಪಸು ಬಂದ ವಾರವೇ ಅಪ್ಪಾಜಿ ಮನೆಯಲ್ಲಿ ದೊಡ್ಡ ಊಟ. ಊಟ ಮುಗಿದು ಗಂಡಸರು ಪಡಸಾಲೆಯಲ್ಲಿ ಎಲೆ ಅಡಿಕೆಗೆ ಕೂತಾಗ ಯಾರೋ ಕೇಳಿದರು, ಅಲ್ಲಿಯ ರಸ್ತೆಗಳು ಹೇಗೆ ಅಂತ. ಅಕ್ಕ ಹಾಗೇ ಬಂದು ಅಪ್ಪಾಜಿಯ ಪಕ್ಕದಲ್ಲಿ ಕೂತು, ಎಲೆ ತಟ್ಟೆಯನ್ನು ಮುಂದಕ್ಕೆ ಎಳೆದುಕೊಂಡಳು. ನಾನು ಒಳಗಿನಿಂದ ಬಾಳೆಹಣ್ಣಿನ ತಟ್ಟೆ ಹಿಡಿದುಕೊಂಡು ಬಂದವಳು ಬಾಗಿಲಲ್ಲೇ ನಿಂತೆ. ಅಕ್ಕ ಎಲೆ ತಟ್ಟೆಯ ನಡುವೆ ಸುಣ್ಣದ ಡಬ್ಬಿ ಇಟ್ಟು, “ಇದು ಸರ್ಕಲ್ ಅಂದ್ಕೊಳ್ಳಿ” ಎಂದಳು. ಅಡಿಕೆ ಹೋಳುಗಳು ಕಾರುಗಳಾದವು.

“ನಮ್ಮಲ್ಲಿ ಎಡಕ್ಕೆ ಹೋಗೋದಲ್ವಾ, ಅದಕ್ಕೆ ಸರ್ಕಲ್ಲನ್ನ ಪ್ರದಕ್ಷಿಣೆ ಥರ ಸುತ್ತುತೀವಿ. ಡಬ್ಬಿ ನಮ್ಮ ಬಲಗಡೆ ಇರುತ್ತೆ. ಅಲ್ಲಿ ರಸ್ತೆಯ ಬಲಕ್ಕೆ ಹೋಗೋದು. ಹಾಗಾಗಿ ಅಲ್ಲಿ ಸುತ್ತೋದೇ ಉಲ್ಟಾ” ಎಂದು ಅಡಿಕೆಯನ್ನು ಅಪ್ರದಕ್ಷಿಣವಾಗಿ ತಿರುಗಿಸಿದಳು. ಕೂತಿದ್ದವರಲ್ಲಿ ಒಬ್ಬರು, “ಎಲಾ ಇವರ, ಹೆಣದ ಸುತ್ತು ಸುತ್ತಿದ ಹಾಗಲ್ವೇನವ್ವಾ” ಎಂದರು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು, ಆದರೆ ನಿಲ್ಲಿಸಲಿಲ್ಲ.

“ಇನ್ನೊಂದು ಮಜಾ ಇದೆ ಅಪ್ಪಾಜಿ. ಬಲಗಡೆಯಿಂದ ಬರೋನಿಗೆ ಮೊದಲು ದಾರಿ ಬಿಡಬೇಕು ಅನ್ನೋದು ನಮ್ಮಲ್ಲೂ ಇದೆ, ನಾವು ನೋಡಿ ಬಂದ ಪ್ಯಾರಿಸ್ಸಲ್ಲೂ ಇದೆ. ಮಾತು ಒಂದೇ. ಆದ್ರೆ ನಮ್ಮಲ್ಲಿ ಸರ್ಕಲ್ಲಿಗೆ ಬಂದು ನಿಂತೋನ ಬಲಗಡೆಗೆ ಯಾರಿರ್ತಾರೆ? ಆಗಲೇ ಒಳಗೆ ಸುತ್ತುತಾ ಇರೋನು. ಅವನಿಗೇ ಮೊದಲು. ಪ್ಯಾರಿಸ್ಸಲ್ಲಿ ಉಲ್ಟಾ ಸುತ್ತುತಾರಲ್ಲ, ಅಲ್ಲಿ ಒಳಗಿರೋನ ಬಲಗಡೆಗೆ ಹೊರಗಿನಿಂದ ಹೊಸಬ ಬರ್ತಾನೆ. ಅವನು ಬಂದ ಅಂದ್ರೆ ಒಳಗಿರೋನು ನಿಲ್ಲಬೇಕು.”

“ಇಂಗ್ಲೆಂಡಲ್ಲಿ?” ಎಂದರು ಅಪ್ಪಾಜಿ. ಅವರಿಗೆ ಪೊರೆ ಬಂದ ಕಣ್ಣಿನಲ್ಲಿ ಆ ಹೋಳುಗಳು ಕಾಣುತ್ತಿದ್ದವೋ ಇಲ್ಲವೋ, ಮುಖ ಮಾತ್ರ ತಟ್ಟೆಯ ಮೇಲೇ ಬಗ್ಗಿತ್ತು.

“ಅಲ್ಲಿ ಸುತ್ತೋದು ನಮ್ಮ ಹಾಗೇ. ಆದ್ರೆ ಸರ್ಕಲ್ಲಲ್ಲಿ ಯಾರು ಮೊದಲು ಅಂತ ಬಹಳ ಕಾಲ ನಿಯಮವೇ ಇರಲಿಲ್ಲವಂತೆ. ನೀವು ಹೋಗಿ, ನೀವು ಹೋಗಿ ಅಂತ ನಿಂತುಬಿಡ್ತಿದ್ರಂತೆ. ಈಗೀಗ ಬಲಗಡೆಯೋನಿಗೆ ಅಂತ ಮಾಡ್ತಿದಾರೆ ಅಂತಾರೆ ನಮ್ಮನೆಯವ್ರು.”

“ನೋಡ್ರೀ,” ಎಂದರು ಅಪ್ಪಾಜಿ ಸುತ್ತ ಕೂತವರಿಗೆ, “ಎಷ್ಟು ಸಣ್ಣ ವಿಷಯ. ಎಷ್ಟು ಚೆನ್ನಾಗಿ ತಲೆಗೆ ಹೋಗೋ ಹಾಗೆ ಹೇಳಿದ್ಲು.”

ನನ್ನ ತಲೆಗೂ ಹೋಯಿತು. ನಮ್ಮ ಮನೆಯಲ್ಲಿ ನಡೆಯುತ್ತಿದ್ದುದು ಪ್ಯಾರಿಸ್ಸಿನ ನಿಯಮ ಎಂದು ಆ ಬಾಗಿಲಲ್ಲಿ ನಿಂತೇ ಗೊತ್ತಾಯಿತು. ದಿನಾ ಒಳಗೆ ಸುತ್ತುತ್ತಿರುವವಳು ನಾನು. ಹೊರಗಿನಿಂದ ಅವಳು ಬಂದಳೆಂದರೆ ನಾನು ಬಾಳೆಹಣ್ಣಿನ ತಟ್ಟೆ ಹಿಡಿದುಕೊಂಡು ನಿಲ್ಲಬೇಕು. ನನಗೆ ಬೇಕಾಗಿದ್ದು ದೊಡ್ಡದೇನೂ ಅಲ್ಲ. ನಾಲ್ಕು ಜನರ ಎದುರಿಗೆ ಅಪ್ಪಾಜಿ ಒಂದೇ ಒಂದು ಸಲ ನನ್ನ ಕಡೆ ಕೈ ತೋರಿಸಿ, ನೋಡ್ರೀ, ಎನ್ನಬೇಕಿತ್ತು. ಕಷಾಯ ಚೆನ್ನಾಗಿದೆ ಎಂದು ಯಾರೂ ಊರಿಗೆಲ್ಲ ಹೇಳಿಕೊಂಡು ತಿರುಗುವುದಿಲ್ಲ, ಅದು ನನಗೂ ಗೊತ್ತು. ಹಾಗಾದರೆ ಹೇಳಿಕೊಂಡು ತಿರುಗುವಂಥದ್ದನ್ನು ಏನು ಮಾಡಲಿ ಎಂದು ಅವತ್ತು ರಾತ್ರಿ ಪಾತ್ರೆ ಎತ್ತಿಡುತ್ತಾ ನಮ್ಮನೆಯವರನ್ನು ಕೇಳಿದೆ. “ಬಿಡು ಮಾರಾಯ್ತಿ, ಆ ಸುಣ್ಣದ ಡಬ್ಬಿ ಎಲ್ಲಿಟ್ಟೆ ನೋಡು” ಎಂದರು ಅವರು.

ಊಟದ ಮಾರನೆಯ ದಿನವೇ ಅಪ್ಪಾಜಿ ಅಕ್ಕನ ಕೈಗೆ ತಮ್ಮ ಕಾರಿನ ಕೀಲಿಕೈ ಕೊಟ್ಟರು. ಕರಿಯ ಬಣ್ಣದ, ಓಡುವಾಗ ಬಾಗಿಲುಗಳೆಲ್ಲ ಗಡಗಡ ಎನ್ನುವ ಕಾರು ಅದು. ಮೊದಲು ತಾವೇ ಓಡಿಸುತ್ತಿದ್ದರು. ಪೊರೆ ಬಲಿಯುವ ತನಕ ಆಪರೇಷನ್ ಬೇಡ ಎಂದು ಡಾಕ್ಟರು ಮುಂದೂಡುತ್ತಿದ್ದುದರಿಂದ, ಮಂಡಿಯ ಲಾರಿ ಡ್ರೈವರ್ ಸಾಬರು ಬಿಡುವಾದಾಗ ಬಂದು ಓಡಿಸುತ್ತಿದ್ದರು. ಈಗ ದೊಡ್ಡ ಮಗಳು ಓಡಿಸುತ್ತಾಳೆ, ಪೇಟೆ ಸುತ್ತಿ ಬರೋಣ ಎಂದು ಹೊರಟೇಬಿಟ್ಟರು. ಅವರು ಮುಂದೆ, ನಾನು ಹಿಂದೆ.

ಆಗ ನಮ್ಮೂರಿನ ಪೇಟೆಯ ಸರ್ಕಲ್ ಎಂದರೆ ನಾಲ್ಕು ರಸ್ತೆ ಕೂಡುವಲ್ಲಿ ಕಲ್ಲು ಜೋಡಿಸಿದ ಒಂದು ದುಂಡನೆಯ ಕಟ್ಟೆ, ನಡುವೆ ದೀಪದ ಕಂಬ. ಪಕ್ಕದಲ್ಲಿ ಪೆಟ್ಟಿಗೆಯ ಮೇಲೆ ಛತ್ರಿ ಹಿಡಿದ ಪೊಲೀಸಿನವನು. ನಿಯಮವೂ ಒಂದೇ: ಯಾವ ಕಡೆಯಿಂದ ಹೋದರೆ ಹತ್ತಿರವೋ ಆ ಕಡೆಯಿಂದ ಹೋಗುವುದು. ಎತ್ತಿನ ಗಾಡಿ, ಜಟಕಾ, ಸೈಕಲ್ಲು, ಎಮ್ಮೆ, ಎಲ್ಲವೂ ಆ ನಿಯಮದಲ್ಲೇ ನೆಮ್ಮದಿಯಾಗಿದ್ದವು. ಕಾರು ಬಸ್ಸುಗಳಿಗೆ ಮಾತ್ರ ಪೊಲೀಸಿನವನು ಕಾನೂನು ಹೇಳುತ್ತಿದ್ದ.

ಅಕ್ಕ ಸರ್ಕಲ್ಲಿಗೆ ಬಂದವಳು ಒಂದು ಕ್ಷಣವೂ ಯೋಚಿಸದೆ ಬಲಕ್ಕೆ ತಿರುಗಿಸಿದಳು. ಕಂಬ ನಮ್ಮ ಎಡಗಡೆಗೆ ಬಂತು. ಎದುರಿನಿಂದ ಅಡಿಕೆ ಚೀಲ ಹೇರಿಕೊಂಡ ಎತ್ತಿನ ಗಾಡಿ. ಅಕ್ಕ ಬ್ರೇಕು ಒತ್ತಿದಳು, ಗಾಡಿಯವನು ಹಗ್ಗ ಜಗ್ಗಿದ. ಎತ್ತು ನಮ್ಮ ಬಾನೆಟ್ಟಿನ ಮೇಲೆ ಮೂತಿ ಇಟ್ಟು ನಿಂತಿತು. ಹಿಂದೆ ಒಂದು ಬಸ್ಸು, ಅದರ ಹಿಂದೆ ಜಟಕಾ, ಅಂಗಡಿಗಳಿಂದ ಇಳಿದು ಬಂದ ಜನ. ನಾನು ಹಿಂದಿನ ಸೀಟಿನಲ್ಲಿ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದೆ. ನೋಡಿದವರು ಹೆದರಿದ್ದಾಳೆ ಅಂದುಕೊಂಡಿರಬೇಕು. ನನಗೆ ಬಂದಿದ್ದು ನಗು, ಖುಷಿಯ ನಗು. ಈಗ ಅಪ್ಪಾಜಿ ಏನನ್ನುತ್ತಾರೆ ನೋಡೋಣ ಎಂದು ಕಾದೆ.

ಪೊಲೀಸಿನವನು ಛತ್ರಿ ಮಡಚಿಕೊಂಡು ಬಂದ. “ಏನ್ರೀ ಅಮ್ಮಾವ್ರೇ, ಯಾವ ಕಡೆಯಿಂದ ಸುತ್ತಬೇಕು ಅಂತ ಗೊತ್ತಾಗಲ್ವಾ?”

ಅಕ್ಕ ಬಾಯಿ ತೆರೆಯುವ ಮೊದಲೇ ಅಪ್ಪಾಜಿ ಕಿಟಕಿಯ ಗಾಜು ಇಳಿಸಿದರು. “ಯಾಕಪ್ಪಾ, ನೀನು ಈಶ್ವರನ ಗುಡಿಗೆ ಹೋಗಲ್ವಾ?”

“ಹೋಗ್ತೀನಿ ಸಾಹುಕಾರ್ರೆ.”

“ಅಲ್ಲಿ ಪೂರ್ತಿ ಸುತ್ತು ಹಾಕ್ತೀಯಾ?”

ಪೊಲೀಸಿನವನು ತಲೆ ಕೆರೆದುಕೊಂಡ. ಈಶ್ವರನ ಗುಡಿಯಲ್ಲಿ ಅಭಿಷೇಕದ ನೀರು ಹೊರಗೆ ಬೀಳುವ ಗೋಮುಖ ಇರುತ್ತದಲ್ಲ, ಅದನ್ನು ದಾಟುವಂತಿಲ್ಲ. ಅಲ್ಲಿಯ ತನಕ ಹೋಗಿ, ಬಂದ ದಾರಿಯಲ್ಲೇ ಹಿಂತಿರುಗಿ ಬರಬೇಕು. ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತಿರುವ ವಿಷಯ. “ಇಲ್ಲ, ಗೋಮುಖ ದಾಟಬಾರದಲ್ಲ” ಎಂದ.

“ಮತ್ತೆ ವಾಪಸ್ ಬರೋವಾಗ ಯಾವ ಕಡೆಯಿಂದ ಸುತ್ತಿದ ಹಾಗಾಯ್ತು? ಉಲ್ಟಾ ತಾನೆ? ಈಶ್ವರನೇ ಎರಡೂ ಕಡೆ ಒಪ್ಕೋತಾನೆ. ನಿನ್ನ ದೀಪದ ಕಂಬಕ್ಕೆ ಏನಪ್ಪಾ ಅಷ್ಟು ಮಡಿ?”

ಸುತ್ತ ನಿಂತವರು ಗೊಳ್ಳೆಂದರು. ಪೊಲೀಸಿನವನೂ ನಕ್ಕು, ಎತ್ತಿನ ಗಾಡಿಯನ್ನೇ ಹಿಂದಕ್ಕೆ ಸರಿಸಿ ನಮಗೆ ದಾರಿ ಮಾಡಿಕೊಟ್ಟ. ತಪ್ಪು ಮಾಡಿದವಳು ಮುಂದೆ ಹೋದಳು, ಸರಿಯಾಗಿ ಬಂದ ಎತ್ತುಗಳು ಹಿಂದೆ ಹೋದವು. ಅಕ್ಕನ ಕುತ್ತಿಗೆ ಹಿಂಬದಿಯಿಂದ ಕೆಂಪಗೆ ಕಾಣುತ್ತಿತ್ತು. ಹೆಮ್ಮೆಗೆ ಅಂದುಕೊಂಡೆ. ಮನೆ ತಲಪುವ ತನಕ ಅವಳು ಒಂದೇ ಗೇರಿನಲ್ಲಿ ನಿಧಾನಕ್ಕೆ ಓಡಿಸಿದಳು. ಅದನ್ನೂ ಜಂಬ ಅಂದುಕೊಂಡೆ.

ನನಗೆ ತಡೆಯಲಾಗದೇ ಇದ್ದದ್ದು ಆ ಗೋಮುಖ. ಹಿಂದೊಮ್ಮೆ ನಾನು ಅದೇ ಗುಡಿಯಲ್ಲಿ ಮಾತಿನ ಭರದಲ್ಲಿ ಗೋಮುಖ ದಾಟಿದ್ದಕ್ಕೆ ಅಪ್ಪಾಜಿ ಮನೆಗೆ ಬರುವ ತನಕ ಬೈದಿದ್ದರು. ಮದುವೆಯಾಗಿ ಮಗುವಾಗಿದೆ, ಇನ್ನೂ ಕಣ್ಣು ನೆಟ್ಟಗಿಲ್ಲ ಎಂದಿದ್ದರು. ನನ್ನ ಪಾಲಿಗೆ ಬೈಗುಳವಾಗಿದ್ದ ಅದೇ ಶಾಸ್ತ್ರ ಅವಳಿಗೆ ಕೊಡೆಯಾಯಿತು. ಆ ವಾರವೆಲ್ಲ ಊರಲ್ಲಿ ಅಪ್ಪಾಜಿಯ ಮಾತೇ ಮಾತು. ಅಪ್ಪಾಜಿಯ ಮಾತು ಬಂತೆಂದರೆ ಜೊತೆಗೆ ಅಕ್ಕನ ಸುದ್ದಿಯೂ.

ಅಕ್ಕ ಭದ್ರಾವತಿಗೆ ಹೋದಳು. ನಾನು ಒಂದು ಬೆಳಿಗ್ಗೆ ಪೇಪರು ಓದಿ ಮುಗಿಸಿ, ಮಡಚಿ ಇಟ್ಟು, “ಅಪ್ಪಾಜಿ, ನಾನೂ ಕಾರು ಕಲೀತೀನಿ” ಎಂದೆ. ನಿನಗ್ಯಾಕವ್ವ ಎನ್ನುತ್ತಾರೆಂದು ಎದುರುತ್ತರ ಹೊಂದಿಸಿಕೊಂಡೇ ಬಂದಿದ್ದೆ. ಮಗು ಸ್ಕೂಲಿಗೆ ಹೋಗುತ್ತೆ, ಮಧ್ಯಾಹ್ನ ಬಿಡುವು, ಸಾಬರಿಗೆ ಲಾರಿ ಕೆಲಸವೇ ಸಾಕಷ್ಟಿದೆ, ಇತ್ಯಾದಿ. ಒಂದೂ ಬೇಕಾಗಲಿಲ್ಲ. ಅವರು ತಕ್ಷಣ “ಕಲಿ” ಎಂದರು. “ಚೆನ್ನಾಗಿ ಕಲಿ. ಇಲ್ಲಿಯ ಪದ್ಧತಿ ಸರಿಯಾಗಿ ಕಲಿ.”

ಅವತ್ತು ಮನೆಗೆ ಹೇಗೆ ನಡೆದುಕೊಂಡು ಬಂದೆನೋ ನೆನಪಿಲ್ಲ. ದಾರಿಯಲ್ಲಿ ಕಂಡವರಿಗೆಲ್ಲ ಹೇಳಬೇಕು ಅನ್ನಿಸಿತ್ತು. ಅಪ್ಪಾಜಿ ನನ್ನ ಬಾಯಿಂದ ಮಾತು ಬೀಳುವುದಕ್ಕೇ ಕಾಯುತ್ತಿದ್ದವರ ಹಾಗೆ ಹೂಂ ಎಂದಿದ್ದರು. ಎಷ್ಟೋ ವರ್ಷಗಳ ಹೊಟ್ಟೆಯುರಿ ಅವತ್ತು ಒಂದಿಷ್ಟು ಇಳಿದು, ಅಕ್ಕನಿಗೆ ಒಂದು ಕಾಗದ ಬರೆಯೋಣವೇ ಎಂಬಷ್ಟು ಒಳ್ಳೆಯವಳಾಗಿಬಿಟ್ಟಿದ್ದೆ.

ಸವಳಂಗ ರಸ್ತೆಯಲ್ಲಿ ಊರು ದಾಟಿ ನವುಲೆ ಕಡೆಗೆ ಹೋದರೆ ಆಗ ಗಾಡಿಗಳ ಓಡಾಟ ಅಪರೂಪ. ರಸ್ತೆ ಪಕ್ಕದ ಬಯಲಿನಲ್ಲಿ ಸಾಬರು ಲಾರಿಯ ಹಳೆಯ ಟೈರೊಂದನ್ನು ಮಲಗಿಸಿ ಅದನ್ನೇ ಸರ್ಕಲ್ ಮಾಡಿದರು. “ಆಹಿಸ್ತಾ ಬೇಟಿ, ನಿಧಾನ, ಎಮ್ಮೆ ಓಡಿಸೋ ಹಾಗೆ ಓಡಿಸ್ಬೇಡಿ” ಎನ್ನುತ್ತಿದ್ದರು. ಅಪ್ಪಾಜಿಯೂ ಬಂದು ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಮಂಡಿ ಬಿಟ್ಟು ಬಂದು! ಅಕ್ಕನ ಯಾವ ಕಲಿಕೆಗೂ ಅವರು ಹೀಗೆ ಕುರ್ಚಿ ಹಾಕಿಕೊಂಡು ಕೂತವರಲ್ಲ.

ನಾನು ಟೈರು ಸುತ್ತಿ ಅವರ ಮುಂದೆ ಬಂದು ನಿಲ್ಲಿಸಿದರೆ ಪ್ರಶ್ನೆ ಸಿದ್ಧವಾಗಿರುತ್ತಿತ್ತು. “ಬಲಗಡೆಯಿಂದ ಒಬ್ಬ ಸುತ್ತುತಾ ಬಂದ. ಏನ್ಮಾಡ್ತೀಯ?”

“ನಿಲ್ಲಿಸ್ತೀನಿ.”

“ಯಾಕೆ ನಿಲ್ಲಿಸ್ತೀಯ, ಬಾಯಿ ಬಿಟ್ಟು ಹೇಳು. ಏನೂ ಗೊತ್ತಿಲ್ಲದೋರಿಗೂ ಅರ್ಥ ಆಗೋ ಹಾಗೆ ಹೇಳು.”

ನಾನು ಹೇಳುತ್ತಿದ್ದೆ. ಎಡಕ್ಕೆ ತಿರುಗಿ ಒಳಗೆ ಸೇರಬೇಕು, ಟೈರು ನನ್ನ ಬಲಗೈ ಕಡೆಗೇ ಇರಬೇಕು, ಒಳಗಿರುವವನು ಬಲದಿಂದ ಬರುತ್ತಾನೆ, ಅವನು ಹೋಗುವ ತನಕ ನಾನು ಹೊರಗೆ ನಿಲ್ಲಬೇಕು. ತಪ್ಪಿದರೆ ಮತ್ತೆ ಹೇಳಿಸುತ್ತಿದ್ದರು, ಮಗ್ಗಿ ಹೇಳಿಸಿದ ಹಾಗೆ. ಇಷ್ಟು ಮುತುವರ್ಜಿಯಿಂದ ಅವರು ನನಗೆ ಏನನ್ನೂ ಕಲಿಸಿರಲಿಲ್ಲ. ಲೈಸೆನ್ಸ್ ಬಂದ ದಿನ ಅದನ್ನು ಕೈಯಲ್ಲಿ ಹಿಡಿದು, ಕಣ್ಣಿಗೆ ಹತ್ತಿರ ತಂದುಕೊಂಡು ಬಹಳ ಹೊತ್ತು ನೋಡಿದರು. ಏನಾದರೂ ಅನ್ನುತ್ತಾರೆಂದು ನಾನು ನಿಂತೇ ಇದ್ದೆ. “ಫೋಟೋ ಕಪ್ಪಾಗಿ ಬಂದಿದೆ” ಎಂದರು.

ಅಲ್ಲಿಂದ ಮುಂದೆ ದಿನಾ ಬೆಳಿಗ್ಗೆ ಅವರನ್ನು ಮಂಡಿಗೆ ಬಿಡುವುದು, ಸಂಜೆ ಕರೆತರುವುದು ನನ್ನ ಕೆಲಸ. ಊರು ಒಂದಷ್ಟು ದಿನ ಬಾಯಿ ಬಿಟ್ಟು ನೋಡಿತು. ಪೊಲೀಸಿನವನು ನನಗೆ ಸಲಾಮು ಹೊಡೆಯತೊಡಗಿದ, ಯಾಕೆಂದರೆ ಆ ಸರ್ಕಲ್ಲಿನಲ್ಲಿ ಅವನ ಮಾತು ಕೇಳುವವಳು ನಾನೊಬ್ಬಳೇ. ಸೈಕಲ್ಲಿನವನಿಗೂ ನಿಲ್ಲುತ್ತಿದ್ದೆ, ಎಮ್ಮೆಗೂ ನಿಲ್ಲುತ್ತಿದ್ದೆ. ಹೀಗೆ ನಿಂತಾಗಲೇ ಅಪ್ಪಾಜಿಗೆ ಮಾತು ಬರುವುದು. ಹಿಂದಿನ ಸೀಟಿನಲ್ಲಿ ಸಾಗರದವರೋ ತೀರ್ಥಹಳ್ಳಿಯವರೋ ಅಡಿಕೆ ತಂದವರು ಯಾರಾದರೂ ಇದ್ದೇ ಇರುತ್ತಿದ್ದರು.

“ಜರ್ಮನಿಯಲ್ಲಿ ಇದು ಉಲ್ಟಾ ಕಣ್ರೀ. ನನ್ನ ಮಗಳು ಅಲ್ಲೇ ಕಾರು ಓಡಿಸಿದ್ಲು. ಪ್ಯಾರಿಸ್ಸಲ್ಲಿ ಒಳಗಿರೋರು ನಿಲ್ಲಬೇಕು...”

ಹಿಂದಿನವರು ನನ್ನ ಬೆನ್ನು ನೋಡಿ ಕೇಳುವರು. “ಓಹೋ, ಇವರೇನಾ?”

“ಅಲ್ಲಲ್ಲ. ಇವಳು ಚಿಕ್ಕವಳು.”

ಅಷ್ಟೇ. ಮತ್ತೆ ಜರ್ಮನಿ. ಕಾರು ಓಡಿಸುತ್ತಿರುವವಳು ನಾನು, ಗೇರು ಹಾಕುತ್ತಿರುವ ಕೈ ನನ್ನದು, ಹೊಗಳಿಕೆ ಹದಿನೆಂಟು ಕಿಲೋಮೀಟರು ದೂರದ ಭದ್ರಾವತಿಯ ಅಡುಗೆಮನೆಯಲ್ಲಿ ಕೂತವಳಿಗೆ. ಬೇಕೆಂದೇ ಗೇರನ್ನು ಕಿರ್ರೆನಿಸುತ್ತಿದ್ದೆ. “ಕ್ಲಚ್ಚು ಪೂರ್ತಿ ಒತ್ತವ್ವಾ” ಎನ್ನುವರು, ಮಾತು ಮುರಿಯದೆ.

ಒಂದು ಬೆಳಿಗ್ಗೆ ಪೇಪರಿನಲ್ಲಿ ವಿದೇಶದ ಸುದ್ದಿ ಓದಿ ಹೇಳುತ್ತಿದ್ದೆ. ಸ್ವೀಡನ್ ಎಂಬ ದೇಶದವರು ಅಷ್ಟು ಕಾಲ ನಮ್ಮ ಹಾಗೆ ರಸ್ತೆಯ ಎಡಕ್ಕೆ ಹೋಗುತ್ತಿದ್ದವರು, ಒಂದೇ ಬೆಳಗ್ಗೆ ಇಡೀ ದೇಶಕ್ಕೆ ದೇಶವೇ ಬಲಕ್ಕೆ ಬದಲಾಯಿಸಿಕೊಂಡರಂತೆ. ಗಾಡಿಗಳನ್ನೆಲ್ಲ ನಿಲ್ಲಿಸಿ, ಈ ಕಡೆಯಿಂದ ಆ ಕಡೆಗೆ ಸರಿಸಿ, ಮತ್ತೆ ಹೊರಡಿಸಿದರಂತೆ. ಅಪ್ಪಾಜಿ ಎರಡು ಸಲ ಓದಿಸಿಕೊಂಡರು. “ಕೈ ಕಾಲು ರೂಢಿಯಾದ್ದನ್ನ ಒಂದೇ ದಿನದಲ್ಲಿ ಬಿಡೋದು ಸುಲಭ ಅಲ್ಲ” ಎಂದರು. ಆಮೇಲೆ, “ನಿನ್ನಕ್ಕ ಆಗಿದ್ರೆ ಗಳಿಗೆಯಲ್ಲಿ ಕಲಿತುಬಿಡ್ತಿದ್ಲು.”

“ದೀಪದ ಕಂಬದ ಹತ್ರ ನೋಡಿದ್ವಲ್ಲ” ಎಂದೆ. ಅವರು ಕೇಳಿಸದವರ ಹಾಗೆ ಕಾಫಿ ಕೇಳಿದರು.

ಗೌರಿ ಹಬ್ಬ ಬಂತು. ಹಬ್ಬಕ್ಕೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರಬೇಕು. “ದೊಡ್ಡವಳನ್ನ ಕಾರಲ್ಲೇ ಹೋಗಿ ಕರ್ಕೊಂಡು ಬರೋಣ” ಎಂದರು ಅಪ್ಪಾಜಿ. ಎರಡು ಬೀದಿ ಆಚೆ ಇರುವ ಮಗಳನ್ನು ಕರೆಯಲು ಯಾರೂ ಬರುವುದಿಲ್ಲ; ಅವಳೇ ಹೋಗಿ ಇನ್ನೊಬ್ಬಳನ್ನು ಕರೆತರಬೇಕು. ನಮ್ಮನೆಯವರು ನನ್ನ ಮುಖ ನೋಡಿ, “ನಿನಗೂ ಒಂದು ಜಟಕಾ ಕಳಿಸಕ್ಕೆ ಹೇಳ್ಲಾ?” ಎಂದರು. ನಾನು ಕೀಲಿಕೈ ತೆಗೆದುಕೊಂಡೆ.

ಭದ್ರಾವತಿಯ ಕಾರ್ಖಾನೆಯ ಕ್ವಾರ್ಟರ್ಸಿನ ಕಡೆ ರಸ್ತೆಗಳು ಅಗಲ, ಗೆರೆ ಎಳೆದ ಹಾಗೆ ನೇರ. ಅವು ಕೂಡುವಲ್ಲಿ ಒಂದು ದೊಡ್ಡ ಸರ್ಕಲ್, ನಡುವೆ ಹುಲ್ಲು, ಸುತ್ತ ಸುಣ್ಣ ಬಳಿದ ಕಲ್ಲು. ಅಕ್ಕನ ಮನೆ ಆ ಸರ್ಕಲ್ಲಿಗೆ ಎದುರಾಗಿಯೇ ಇತ್ತು. ನಾವು ಅಲ್ಲಿಗೆ ತಲಪುವುದಕ್ಕೂ ಪಾಳಿ ಬಿಟ್ಟ ಸೈರನ್ ಕೂಗುವುದಕ್ಕೂ ಸರಿಹೋಯಿತು. ಕಾರ್ಖಾನೆಯ ಗೇಟಿನಿಂದ ಸೈಕಲ್ಲುಗಳು ಹೊರಬಿದ್ದವು. ಎಲ್ಲ ನನ್ನ ಬಲಗಡೆಯಿಂದಲೇ. ನಿಯಮ ನಿಯಮವೇ, ನಾನು ನಿಂತೆ. ಒಂದು ಗುಂಪು ಹೋಯಿತು, ಇನ್ನೊಂದು ಬಂತು. ತಮಿಳಿನವನೊಬ್ಬ ನನ್ನನ್ನು ನೋಡಿ ಕಾಲು ಊರಿ ನಿಂತು, “ಪೋಂಗಮ್ಮಾ, ಪೋಂಗ” ಎಂದು ಕೈ ಬೀಸಿದ. ಅವನ ಹಿಂದಿನವನು ನಿಲ್ಲದೆ ನುಗ್ಗಿದ. ನಾನು ಮತ್ತೆ ನಿಂತೆ.

“ನಿನ್ನಕ್ಕ ಆಗಿದ್ರೆ ಇಷ್ಟೊತ್ತಿಗೆ ಮನೆ ಸೇರಿರ್ತಿದ್ಲು” ಎಂದರು ಅಪ್ಪಾಜಿ.

ಅಷ್ಟೇ ಸಾಕಾಯಿತು. ಹಾರನ್ನಿನ ಮೇಲೆ ಅಂಗೈ ಇಟ್ಟೆ, ತೆಗೆಯಲೇ ಇಲ್ಲ. ಸೈಕಲ್ಲುಗಳು ಬೈಯುತ್ತಾ ಎರಡು ಕಡೆಗೂ ಸರಿದವು. ಒಳಗೆ ನುಗ್ಗಿ, ಅಕ್ಕನ ಮನೆಯ ತಿರುವು ಬಂದರೂ ತಿರುಗಿಸದೆ ಹುಲ್ಲಿನ ಸುತ್ತ ಇನ್ನೊಂದು ಪೂರ್ತಿ ಸುತ್ತು ಹಾಕಿದೆ. ಅಕ್ಕ ವರಾಂಡದಲ್ಲಿ ನಿಂತಿದ್ದಳು. ಅವಳು ನೋಡಲಿ ಎಂದು ಮತ್ತೊಂದು ಹಾಕಿದೆ. ಕಲ್ಲು ನನ್ನ ಬಲಗೈಗೆ ಒಂದೇ ಅಳತೆಯಲ್ಲಿತ್ತು, ಗಾಡಿ ಎಲ್ಲೂ ಅಲುಗಲಿಲ್ಲ. ಅಷ್ಟು ಚೆನ್ನಾಗಿ ನಾನು ಮುಂದೆಂದೂ ಓಡಿಸಿದ್ದಿಲ್ಲ. “ದಾರಿ ತಪ್ಪಿತೇನವ್ವಾ?” ಎಂದರು ಅಪ್ಪಾಜಿ.

ಕಾಫಿ ಮಾಡಲು ಒಳಗೆ ಹೋದಾಗ ಅಕ್ಕ ಒಲೆಯ ಕಡೆ ತಿರುಗಿಕೊಂಡೇ ಹೇಳಿದಳು. “ನೀನು ಓಡಿಸೋದು ನೋಡಿ ಹೊಟ್ಟೆ ಉರೀತು ಕಣೇ.”

ನನಗೆ ಕೇಳಿದ್ದು ನಿಜವೇ ಎನ್ನಿಸಿತು. “ನಿನಗಾ?” ಎಂದೆ.

“ಆ ದಿನ ಎತ್ತಿನ ಎದುರಿಗೆ ನಿಂತೆನಲ್ಲ, ಅವತ್ತಿನಿಂದ ನಾನು ಸ್ಟೇರಿಂಗ್ ಮುಟ್ಟಿಲ್ಲ. ಇವರು ಒಂದೇ ಸಲ ಆಫೀಸಿನ ಜೀಪು ತಂದು ಕೂರಿಸಿದ್ರು, ಅಷ್ಟೇ. ಸರ್ಕಲ್ ಬಂತು ಅಂದ್ರೆ ಕೈ ತಾನಾಗೇ ಬಲಕ್ಕೆ ಹೋಗುತ್ತೆ. ಇಳಿದುಬಿಟ್ಟೆ. ದಿನಾ ಇಲ್ಲೇ ನಿಂತು ಆ ಸರ್ಕಲ್ ನೋಡ್ತೀನಿ, ಒಂದು ಸಲಾನೂ ಸುತ್ತಿಲ್ಲ.” ಹಾಲು ಉಕ್ಕಿತು, ಇಳಿಸಿದಳು. “ಅಪ್ಪಾಜಿಗೆ ಹೇಳ್ಬೇಡ ಮಾರಾಯ್ತಿ. ಊರಿಗೆಲ್ಲ ಹೇಳ್ಕೊಂಡು ತಿರುಗ್ತಾರೆ ಪಾಪ.”

ನನ್ನ ಹೊಟ್ಟೆಗೆ ಆ ಹಾಲನ್ನೇ ಹೊಯ್ದ ಹಾಗಾಯಿತು. ಅಯ್ಯೋ ಪಾಪ ಎಂದೆ, ಬೆನ್ನು ಸವರಿದೆ, ಕಾಫಿಗೆ ಸಕ್ಕರೆ ಹಾಕಿದೆ. ಅವಳು ಸೀರೆ ಬದಲಿಸಲು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡದ್ದೇ ತಡ, ಲೋಟ ಹಿಡಿದುಕೊಂಡು ವರಾಂಡಕ್ಕೆ ಬಂದೆ. ಅಪ್ಪಾಜಿ ಬೆತ್ತದ ಕುರ್ಚಿಯಲ್ಲಿ ಸರ್ಕಲ್ಲಿನ ಕಡೆ ಮುಖ ಮಾಡಿ ಕೂತಿದ್ದರು. ಲೋಟ ಅವರ ಕೈಗಿಟ್ಟು ಹೇಳಿಬಿಟ್ಟೆ. ಅಕ್ಕ ಕಾರು ಮುಟ್ಟುವುದಿಲ್ಲ, ಆ ದಿನದಿಂದ ಮುಟ್ಟಿಲ್ಲ, ಹೆದರಿಬಿಟ್ಟಿದ್ದಾಳೆ, ಜರ್ಮನಿಯದು ಜರ್ಮನಿಗೇ ಆಯಿತು.

ಅವರು ಕಾಫಿ ಒಂದು ಗುಟುಕು ಕುಡಿದರು. “ಗೊತ್ತು” ಎಂದರು.

“ಗೊತ್ತಾ?”

“ಪಕ್ಕದಲ್ಲೇ ಕೂತಿದ್ನಲ್ಲವ್ವಾ. ಸರ್ಕಲ್ ದಾಟಿದ್ಮೇಲೆ ಮನೆ ಮುಟ್ಟೋ ತನಕ ಗೇರೇ ಬದಲಾಯಿಸಲಿಲ್ಲ ಅವಳು.”

“ಗೊತ್ತಿದ್ದೂ ದಿನಾ ಅವಳದ್ದೇ ಹೊಗಳ್ತಾ ಇದ್ರಾ?”

“ಹೇಳ್ತಾ ಇದ್ರೆ ಯಾರಾದರೂ ಅವಳ ಕಿವಿಗೆ ಹಾಕ್ತಾರೆ, ಮತ್ತೆ ಧೈರ್ಯ ಬರುತ್ತೆ ಅಂತ.”

ನನಗೆ ಕೇಳದೆ ಇರಲಾಗಲಿಲ್ಲ. “ನಾನು ಓಡಿಸೋದನ್ನ ಒಂದು ದಿನಾನೂ ಚೆನ್ನಾಗಿದೆ ಅನ್ನಲಿಲ್ಲ.”

ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. ಮಂಜುಗಟ್ಟಿದ ಕಣ್ಣುಗಳನ್ನು ನನ್ನ ಕಡೆ ತಿರುಗಿಸಿದರು. “ನಿನಗೆ ಬರುತ್ತಲ್ಲವ್ವಾ” ಎಂದರು. “ನೀನು ಕಲೀತೀನಿ ಅಂದಾಗ ನಾನು ತಕ್ಷಣ ಹೂಂ ಅಂದಿದ್ದು ಯಾಕೆ ಅಂದ್ಕೊಂಡೆ? ಅವಳು ಸಾಬರ ಹತ್ರ ಹೇಳಿಸ್ಕೊಳಲ್ಲ, ನಾಚಿಕೆ. ಗಂಡನ ಹತ್ರ ಹೇಳಿಸ್ಕೊಂಡ್ರೆ ಜಗಳ. ನೀನಾದ್ರೆ ತಂಗಿ, ಪಕ್ಕ ಕೂತು ನಿಧಾನಕ್ಕೆ ಹೇಳಿಕೊಡ್ತೀಯ ಅಂತ. ಅದಕ್ಕೇ ಅಷ್ಟು ಸಲ ನಿನ್ನ ಬಾಯಲ್ಲಿ ಹೇಳಿಸಿದ್ದು. ಈಗ ಹೋಗುವಾಗ ಗಾಡಿ ಅವಳ ಕೈಗೆ ಕೊಡು.”

ನವುಲೆ ಕಡೆಯ ಆ ಮಧ್ಯಾಹ್ನಗಳು, ಮರದ ಕೆಳಗಿನ ಕುರ್ಚಿ, ಪ್ರಶ್ನೆಗಳು, ಎಲ್ಲವೂ ಒಂದೇ ಮಾತಿನಲ್ಲಿ ಅಕ್ಕನ ಪಾಲಿಗೆ ಹೋದವು. ನನ್ನದು ಎಂದು ಇಟ್ಟುಕೊಂಡಿದ್ದು ಅದೊಂದೇ ಆಗಿತ್ತು.

ಬೇಡ ಎನ್ನಬಹುದಾಗಿತ್ತು. ಅಕ್ಕ ಹೊಸ ಸೀರೆ ಉಟ್ಟು, ಕುಂಕುಮ ಇಟ್ಟುಕೊಂಡು ಹೊರಗೆ ಬಂದಳು. ನಾನು ಕೀಲಿಕೈಯನ್ನು ಅವಳ ಮುಂದೆ ಹಿಡಿದೆ. ಅವಳು ನನ್ನನ್ನು ನೋಡಿದಳು, ಅಪ್ಪಾಜಿಯನ್ನು ನೋಡಿದಳು, ನಾನು ಹೇಳಿಬಿಟ್ಟಿದ್ದೇನೆಂದು ಗೊತ್ತಾಯಿತು. ಕೀಲಿಕೈ ಕಿತ್ತುಕೊಂಡು ಹೋಗಿ ಸ್ಟೇರಿಂಗಿನ ಹಿಂದೆ ಕೂತಳು. ನಾನು ಪಕ್ಕದಲ್ಲಿ ಕೂತೆ. ಅಪ್ಪಾಜಿ ಮೊದಲ ಸಲ ಹಿಂದಿನ ಸೀಟಿಗೆ ಹೋದರು.

ಸರ್ಕಲ್ಲಿನಲ್ಲಿ ಸೈಕಲ್ಲುಗಳು ಅಷ್ಟು ಹೊತ್ತಿಗೆ ಕರಗಿದ್ದವು. ಅಕ್ಕನ ಕೈ ಬಲಕ್ಕೆ ಎಳೆಯತೊಡಗಿದ್ದು ನನಗೆ ಕಂಡಿತು. ಸುಮ್ಮನಿದ್ದುಬಿಡೋಣ ಅನ್ನಿಸಿತು. ಇನ್ನೊಂದು ಸಲ ಅವಳು ಉಲ್ಟಾ ಹೋಗಲಿ, ಅದಕ್ಕೆ ಅಪ್ಪಾಜಿ ಯಾವ ದೇವರನ್ನು ಕರೆತರುತ್ತಾರೋ ನೋಡೋಣ. ಆದರೆ ಅವಳ ಬೆರಳುಗಳು ಸ್ಟೇರಿಂಗಿನ ಮೇಲೆ ಬೆಳ್ಳಗಾಗಿದ್ದವು. ನನ್ನ ಕೈ ಹೋಗಿ ಅವಳ ಕೈಯ ಮೇಲೆ ಕೂತಿತು. “ಎಡಕ್ಕೆ ಅಕ್ಕಾ. ಮೊದಲು ಎಡಕ್ಕೆ ಎಳಿ. ಹುಲ್ಲು ನಿನ್ನ ಬಲಗೈ ಕಡೇಲೇ ಇರ್ಲಿ. ಬಲದಿಂದ ಯಾರೂ ಇಲ್ಲ, ಹೋಗು.” ಏನೂ ಗೊತ್ತಿಲ್ಲದವರಿಗೂ ಅರ್ಥವಾಗುವ ಹಾಗೆ ಹೇಳಿದೆ.

ಅವಳು ಸುತ್ತಿದಳು. ಸರಿಯಾಗಿ ಸುತ್ತಿದಳು. ಹಿಂದಿನಿಂದ ಅಪ್ಪಾಜಿ ಮುಂದಕ್ಕೆ ಬಾಗಿ ಅವಳ ಹೆಗಲು ತಟ್ಟಿದರು. ಶಿವಮೊಗ್ಗ ಸೇರುವ ಹೊತ್ತಿಗೆ ಅವಳು ಲಾರಿಯೊಂದನ್ನು ಹಿಂದೆ ಹಾಕಿದ್ದಳು. ಅಲ್ಲಿಂದ ಮುಂದೆ ಪ್ರತಿ ಭಾನುವಾರ ಭದ್ರಾವತಿಯಿಂದ ಬಂದು ಅಪ್ಪಾಜಿಯನ್ನು ಕೂರಿಸಿಕೊಂಡು ಊರು ತೋರಿಸುತ್ತಿದ್ದಳು, ಅವರು ಮುಂದೆ, ನಾನು ಹಿಂದೆ. ಎಲ್ಲೂ ತಪ್ಪುತ್ತಿರಲಿಲ್ಲ. ಇನ್ನೂ ಸ್ವಲ್ಪ ಕೆಟ್ಟದಾಗಿ ಕಲಿಸಬಾರದಾಗಿತ್ತೇ ಎಂದು ನನಗೆ ನನ್ನ ಮೇಲೆ ಇವತ್ತಿಗೂ ಸಿಟ್ಟಿದೆ.